ಬೆನ್ನು ತಿರುಗಿಸಿ ಕೇಳುವ ಅಲೋಂಜೊ

ಬೀದಿ ದೀಪಗಳು ಇನ್ನೂ ಆರಿಲ್ಲ. ಕಸದ ಲಾರಿಯ ಹಿಂಬದಿಯ ಮೆಟ್ಟಿಲ ಮೇಲೆ, ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಿರುವ ಅಲೋಂಜೊ ಪೆಟ್ವೇ ಲಾರಿ ಪೂರ್ತಿ ನಿಲ್ಲುವ ಮೊದಲೇ ಕೆಳಗೆ ಇಳಿಯುತ್ತಾರೆ. ಮನೆ ಮುಂದಿನ ಡಬ್ಬವನ್ನು ಎಳೆದು ತಂದು, ಲಾರಿಯ ಬಾಯಿಗೆ ಸುರಿದು, ಬರಿದಾದದ್ದನ್ನು ಮತ್ತೆ ಅದರ ಜಾಗದಲ್ಲೇ ನಿಲ್ಲಿಸುತ್ತಾರೆ. ಆಮೇಲೆ ಲಾರಿಯ ಪಕ್ಕೆಗೆ ಅಂಗೈಯಿಂದ ಎರಡು ಪೆಟ್ಟು. ಮುಂದೆ ಚಕ್ರ ಹಿಡಿದು ಕೂತ ಮಿಸ್ ವರ್ಲೀನ್ ಹಿಂಟನ್ ಆ ಎರಡು ಪೆಟ್ಟು ಕೇಳುವ ತನಕ ಲಾರಿಯನ್ನು ಒಂದು ಗೇಣೂ ಕದಲಿಸುವುದಿಲ್ಲ. ಹಿಂದಿರುವವನ ಕಾಲು ಚಕ್ರಕ್ಕೆ ಸಿಕ್ಕದೆ ಉಳಿದಿರುವುದು ಆ ಕಟ್ಟುನಿಟ್ಟಿನಿಂದ.

ಅಕ್ಟೋಬರ್ ಬಂದರೂ ಕಡಲಂಚಿನ ನಮ್ಮ ಮೊಬೀಲ್ ಊರಿನಲ್ಲಿ ಸೆಖೆ ಇಳಿದಿಲ್ಲ. ಹಿಂದಿನ ರಾತ್ರಿ ಸೀಗಡಿ ಬೇಯಿಸಿದ ಮನೆಗಳ ಡಬ್ಬ ದೂರದಿಂದಲೇ ನಾರುತ್ತದೆ. ಸುಮಾರು ಎಂಟುನೂರು ಮನೆ ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಮನೆಗೆ ಹೋಗಿ ಮೈ ತೊಳೆದು, ಒಂದಿಷ್ಟು ನಿದ್ದೆ ತೆಗೆದು, ಶಾಲೆ ಬಿಡುವ ಹೊತ್ತಿಗೆ ಅಲೋಂಜೊ ಬೇ ಸ್ಟ್ರೀಟ್ ಹೈಸ್ಕೂಲಿನ ಬ್ಯಾಂಡ್ ಕೋಣೆಯಲ್ಲಿ ಇರುತ್ತಾರೆ. ಅಲ್ಲಿ ಅವರು ಡ್ರಮ್ ಮೇಷ್ಟ್ರು. ಮಕ್ಕಳಿಗೆ ಮಿಸ್ಟರ್ ಲಾಂಜೊ. ಶಾಲೆ ಕೊಡುವ ಸಂಭಾವನೆ ಅವರ ಗಾಡಿಯ ಪೆಟ್ರೋಲಿಗೂ ಸಾಲದು. ಮಾರ್ಡಿ ಗ್ರಾ ಹಬ್ಬದ ಮೆರವಣಿಗೆಯಲ್ಲಿ ಈ ಶಾಲೆಯ ಡ್ರಮ್ಮಿನ ಸಾಲು ತಿರುವಿನಲ್ಲಿ ಕಾಣುವ ಮೊದಲೇ ಜನ ಕುರ್ಚಿ ಬಿಟ್ಟು ಏಳುತ್ತಾರಲ್ಲ, ಆ ಸಾಲನ್ನು ಇಪ್ಪತ್ತು ವರ್ಷಗಳಿಂದ ಕಟ್ಟುತ್ತಿರುವ ಮನುಷ್ಯ ಇವರೇ. ಮೆರವಣಿಗೆಯ ಫೋಟೊಗಳಲ್ಲಿ ಮಾತ್ರ ಇವರು ಎಲ್ಲೂ ಇಲ್ಲ. ಸಾಲಿನ ಪಕ್ಕದಲ್ಲಿ ನೀರಿನ ಬಾಟಲಿ ಹೊತ್ತು ನಡೆಯುವವರ ಫೋಟೊ ಯಾರು ತೆಗೆಯುತ್ತಾರೆ?

ಅವರ ಬಗ್ಗೆ ಪತ್ರಿಕೆಯಲ್ಲಿ ಒಂದು ಒಳ್ಳೆಯ ಮಾತು ಬರೆಯಬೇಕೆಂದು ನಾನು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬರೆಯಲು ಕೂತಾಗ ಅವರೇ ತಡೆದು, ಶಾಲೆ ಇನ್ನೂ ತೆರೆಯದ ಆಗಸ್ಟ್ ತಿಂಗಳ ಒಂದು ಶನಿವಾರ ನಡೆದದ್ದನ್ನು ಹೇಳಿದರು. ಅದನ್ನು ಬಿಟ್ಟು ಬರೆಯುವುದಾದರೆ ಬೇಡವೇ ಬೇಡ ಎಂದರು.

ಅಲೋಂಜೊ ಇದೇ ಶಾಲೆಯಲ್ಲಿ ಓದಿದವರು. ಅಪ್ಪ ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸದವರು. ಹದಿನೈದನೇ ವಯಸ್ಸಿನಲ್ಲಿ ಪರೀಕ್ಷೆ ಕೊಟ್ಟು ಸ್ನೇರ್ ಡ್ರಮ್ಮಿನ ಸಾಲಿಗೆ ಸೇರಿದರು. ತಳಕ್ಕೆ ತಂತಿ ಬಿಗಿದ, ಮುಟ್ಟಿದರೆ ಝರ್ರೆನ್ನುವ ಆ ಡ್ರಮ್ಮನ್ನು ಕೊರಳಿಗೆ ಹಾಕಿಕೊಳ್ಳುವುದೆಂದರೆ ಈ ಕಡೆಯ ಮಕ್ಕಳಿಗೆ ಕಿರೀಟ ಇಟ್ಟುಕೊಂಡಂತೆ. ಕಾಲೇಜಿನ ಬ್ಯಾಂಡಿಗೂ ಕರೆ ಬಂದಿತ್ತು. ಅಷ್ಟರಲ್ಲಿ ಅಪ್ಪನ ಶ್ವಾಸಕೋಶ ಕೈಕೊಟ್ಟಿತು. ಹತ್ತೊಂಬತ್ತಕ್ಕೆ ನಗರಸಭೆಯ ಲಾರಿ ಹತ್ತಿದರು. “ಕಾಲೇಜಿಗೆ ಹೋಗಲಿಲ್ಲ ಅಂತ ಅಳೋಕೆ ಪುರುಸೊತ್ತೇ ಇರಲಿಲ್ಲ. ಬೆಳಿಗ್ಗೆ ಡಬ್ಬಗಳು ನನ್ನ ಕಾಯ್ತಾ ಇರ್ತಿದ್ವಲ್ಲ,” ಎನ್ನುತ್ತಾರೆ.

ಸಾಲಿಗೆ ಮಕ್ಕಳನ್ನು ಆರಿಸುವ ಪರೀಕ್ಷೆಯಲ್ಲಿ ಬೆನ್ನು ತಿರುಗಿಸಿ ಕೂರುವ ಪದ್ಧತಿ ತಂದವರೂ ಅವರೇ. ಒಂದು ವರ್ಷ ಪಾದ್ರಿಯ ಮಗನನ್ನು ಆರಿಸಿದರು. ಪಾದ್ರಿಯ ಮಗನೆಂದೇ ಆರಿಸಿದರು ಎಂದು ಊರಲ್ಲಿ ಗುಲ್ಲೆದ್ದಿತು. ಮರುವರ್ಷದಿಂದ ಅಲೋಂಜೊ ಗೋಡೆಗೆ ಮುಖ ಮಾಡಿ ಕೂತರು. ಮಕ್ಕಳು ಅಂಗಿಗೆ ನಂಬರು ಸಿಕ್ಕಿಸಿಕೊಂಡು ಒಬ್ಬೊಬ್ಬರಾಗಿ ಒಳಗೆ ಬರಬೇಕು, ಮಾತಾಡದೆ ಬಾರಿಸಬೇಕು, ಹೋಗಬೇಕು. ಯಾವ ನಂಬರು ಯಾರದೆಂದು ಬ್ಯಾಂಡಿನ ಮುಖ್ಯಸ್ಥ ಸಿಮ್ಸ್ ಮೇಷ್ಟ್ರಿಗೆ ಮಾತ್ರ ಗೊತ್ತು. “ಮುಖ ಬಾರಿಸಲ್ಲ, ಕೈ ಬಾರಿಸುತ್ತೆ. ಕೈ ಕೇಳಿಸಿದ್ರೆ ಸಾಕು,” ಎಂಬುದು ಅಲೋಂಜೊ ಅವರ ಮಾತು. ಅಂದಿನಿಂದ ಗುಲ್ಲು ಅಡಗಿತು.

ಈ ವರ್ಷ ಅವರ ಮಗಳು ಮಕೇಡಾ ಒಂಬತ್ತನೇ ತರಗತಿಗೆ ಬಂದಳು. ಸ್ನೇರ್ ಸಾಲಿನ ಪರೀಕ್ಷೆಗೆ ಅವಳ ಹೆಸರೂ ಇತ್ತು. ಮಗಳ ಕೈ ಅವರಿಗೆ ಗೊತ್ತು. ಅವಳ ಎಡಗೈ ಹಗುರ. ಎರಡೂ ಕಡ್ಡಿ ಬಿಡುವಿಲ್ಲದೆ ಉರುಳಿಸುವಾಗ ಎಡಗೈ ಪೆಟ್ಟು ಒಂದು ಕೂದಲೆಳೆ ಹಿಂದೆ ಬೀಳುತ್ತದೆ. ಚಿಕ್ಕವಳಿದ್ದಾಗಿನಿಂದ ಅಡುಗೆಮನೆಯಲ್ಲಿ ಅವಳು ಬಾರಿಸಿದಾಗೆಲ್ಲ “ಎಡಗೈ, ಎಡಗೈ” ಎಂದು ಹೇಳಿ ಹೇಳಿ ಅವರಿಗೇ ಸಾಕಾಗಿತ್ತು. ಬೇಸಿಗೆ ರಜೆಯಲ್ಲಿ ಅವಳು ಮನೆಯಲ್ಲಿ ಕಡ್ಡಿ ಮುಟ್ಟುವುದನ್ನೇ ಬಿಟ್ಟಿದ್ದಳು. ಹುಡುಗಿಗೆ ಮನಸ್ಸಿಲ್ಲ, ಸುಮ್ಮನೆ ಬರುತ್ತಾಳೆ ಎಂದುಕೊಂಡರು.

ಆ ಶನಿವಾರ ಗೋಡೆಗೆ ಮುಖ ಮಾಡಿ ಕೂತು ಒಂದೊಂದೇ ನಂಬರು ಕೇಳುತ್ತಾ ಬಂದರು. ಹನ್ನೊಂದನೇ ನಂಬರು ಬಂತು. ಮೊದಲ ಉರುಳಿನಲ್ಲೇ ಎಡಗೈ ಹಿಂದೆ ಬಿತ್ತು. ಅದೇ ಹಗುರ, ಅದೇ ಕೂದಲೆಳೆ. ಇದು ಮಕೇಡಾ ಎಂದುಕೊಂಡರು ಅಲೋಂಜೊ.

ಮುಂದಿನದನ್ನು ಅವರದೇ ಮಾತಿನಲ್ಲಿ ಕೇಳಿ: “ಅವತ್ತು ಅಂಥದೇ ತಪ್ಪು ಮಾಡಿದ ಮಕ್ಕಳು ಇನ್ನೂ ಇಬ್ಬರಿದ್ರು. ಎಡಗೈ ತಿದ್ದಬಹುದು ಅಂತ ಅವರನ್ನ ತಗೊಂಡೆ. ಇದು ನನ್ನ ಮಗಳು, ತಗೊಂಡ್ರೆ ಊರು ಏನನ್ನುತ್ತೆ ಅಂತ ಹೆದರಿಬಿಟ್ಟೆ. ಬೇಡ ಅಂತ ಹಾಕಿದೆ. ಹಾಕಿ, ನಾನೆಷ್ಟು ನ್ಯಾಯಸ್ಥ ಅಂತ ಒಳಗೊಳಗೇ ಬೀಗಿದೆ ಕೂಡ.”

ಹದಿನೇಳನೇ ನಂಬರು ಬಾರಿಸಿದಾಗ ಅವರು ಗೋಡೆ ನೋಡುತ್ತಲೇ ತಲೆದೂಗಿದರು. ಎರಡೂ ಕೈ ಒಂದೇ ತೂಕ. ಅವಸರವಿಲ್ಲ, ಅಳುಕಿಲ್ಲ. ಸಾಲಿನ ನಟ್ಟನಡುವೆ ನಿಂತು ಉಳಿದವರನ್ನೆಲ್ಲ ಹಿಡಿದಿಡುವ ಕೈ ಅದು. ಯಾರ ಮನೆಯ ಮಗುವೋ, ಯಾರು ಕಲಿಸಿದರೋ ಎಂದು ಅಚ್ಚರಿಪಟ್ಟರು.

ಸಂಜೆ ಸಿಮ್ಸ್ ಮೇಷ್ಟ್ರು ಬ್ಯಾಂಡ್ ಕೋಣೆಯ ಮೆಟ್ಟಿಲ ಮೇಲೆ ನಿಂತು ಹೆಸರು ಕೂಗಿದರು. ಪಕ್ಕದಲ್ಲೇ ನಿಂತ ಅಲೋಂಜೊ, ಮಗಳಿಗೆ ಏನು ಸಮಾಧಾನ ಹೇಳಲಿ ಎಂದು ಮಾತು ಹುಡುಕುತ್ತಿದ್ದರು. ನಡುವಿನ ಸ್ನೇರ್, ಹದಿನೇಳನೇ ನಂಬರು, ಮಕೇಡಾ ಪೆಟ್ವೇ ಎಂದರು ಸಿಮ್ಸ್.

ಅಲೋಂಜೊ ತಪ್ಪಾಗಿ ಕೇಳಿಸಿತೆಂದುಕೊಂಡರು. ಮಗಳು ಗುಂಪಿನಿಂದ ಓಡಿ ಬಂದು ಕೊರಳಿಗೆ ಜೋತು ಬಿದ್ದಳು. ಅವಳ ಎದೆಯ ಮೇಲೆ ಹದಿನೇಳು ಎಂದೇ ಇತ್ತು.

“ಡ್ಯಾಡಿ, ನಾನೇ ಅಂತ ಗೊತ್ತಾಯ್ತಾ?” ಎಂದು ಕೇಳಿದಳು.

“ಇಲ್ಲ ಕಂದ. ಗೊತ್ತಾಗ್ಲಿಲ್ಲ.”

ಅವಳಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ. ಗೆಳತಿಯರನ್ನು ಕರೆದು ಕರೆದು ಹೇಳಿದಳು. ಅವಳ ತಲೆಯ ಮೇಲಿಂದ ಅಲೋಂಜೊ ಅಂಗಳದತ್ತ ನೋಡಿದರು. ಒಬ್ಬ ತೆಳ್ಳನೆಯ ಹುಡುಗ ಅಂಗಿಯಿಂದ ಹನ್ನೊಂದು ಎಂಬ ಚೀಟಿ ಕಿತ್ತು ಜೇಬಿಗಿಟ್ಟುಕೊಂಡು ರಸ್ತೆಯ ಕಡೆ ಹೋಗುತ್ತಿದ್ದ. ಅಲ್ಲಿ ನಿಂತಿದ್ದ ಹಳೆಯ ನೀಲಿ ಕಾರಿನ ಬಾಗಿಲು ತೆಗೆದು ಕೂತ. ಕಾರಿನಲ್ಲಿ ಚಕ್ರ ಹಿಡಿದಿದ್ದವರು ಮಿಸ್ ವರ್ಲೀನ್.

ಜೂನ್ ತಿಂಗಳಲ್ಲಿ ಸೆಲ್ಮಾ ಊರಿನಿಂದ ಮೊಮ್ಮಗ ಬಂದಿದ್ದಾನೆ, ಇನ್ನು ತನ್ನ ಜೊತೆಗೇ ಇರುತ್ತಾನೆ ಎಂದು ವರ್ಲೀನ್ ಲಾರಿಯಲ್ಲಿ ಹೇಳಿದ್ದುಂಟು. ಅವನು ಡ್ರಮ್ ಬಾರಿಸುತ್ತಾನೆ ಎಂದಾಗಲಿ, ಪರೀಕ್ಷೆಗೆ ಬರುತ್ತಾನೆ ಎಂದಾಗಲಿ ತುಟಿ ಬಿಚ್ಚಿರಲಿಲ್ಲ. ಗೊತ್ತಾದರೆ ಅಲೋಂಜೊ ದಾಕ್ಷಿಣ್ಯಕ್ಕೆ ಬೀಳಬಹುದೆಂದು ಆಕೆ ಬೇಕೆಂದೇ ಸುಮ್ಮನಿದ್ದರು.

ಮನೆಗೆ ಹೋಗುವಾಗ ಕಾರಿನಲ್ಲಿ ಮಗಳು ಬೇಸಿಗೆಯ ಕತೆಯನ್ನೆಲ್ಲ ಬಿಚ್ಚಿಟ್ಟಳು. ಬಟ್ಟೆ ಒಗೆಯುವ ಅಂಗಡಿಯಲ್ಲಿ ಅವಳಿಗೆ ವಾರಾಂತ್ಯದ ಕೆಲಸ. ಗಿರಾಕಿ ಇಲ್ಲದಾಗ ಮಡಿಸಿಟ್ಟ ಟವೆಲ್‌ಗಳ ಮೇಲೆ ಬರೀ ಎಡಗೈಯಲ್ಲಿ ಬಾರಿಸಿದ್ದಾಳೆ. ಟವೆಲ್ ಮೇಲೆ ಕಡ್ಡಿ ಪುಟಿಯುವುದಿಲ್ಲ, ಪ್ರತಿ ಪೆಟ್ಟನ್ನೂ ಕೈಯೇ ಎತ್ತಬೇಕು. ಅಲೋಂಜೊ ಗಾಡಿಯನ್ನು ರಸ್ತೆ ಬದಿಗೆ ಹಾಕಿ ನಿಲ್ಲಿಸಿದರು. ಮುಚ್ಚಿಡಲಾಗಲಿಲ್ಲ. ಹನ್ನೊಂದನೇ ನಂಬರನ್ನು ನೀನೆಂದು ತಿಳಿದು ಬೇಡವೆಂದೆ ಎಂದು ಹೇಳಿಬಿಟ್ಟರು.

ಮಗಳ ನಗು ಅಲ್ಲೇ ನಿಂತಿತು.

“ಅಂದ್ರೆ, ಇದು ನಾನೇ ಅಂತ ನಿಂಗೆ ಗೊತ್ತಾಗಿದ್ರೆ ನನ್ನನ್ನೂ ತೆಗೆದು ಹಾಕ್ತಿದ್ದೆ. ಅಲ್ವಾ ಡ್ಯಾಡಿ?”

ಕಾರಿನಿಂದ ಇಳಿದು ಉಳಿದ ದಾರಿಯನ್ನು ಅವಳು ನಡೆದುಕೊಂಡು ಹೋದಳು. ಇವರು ಹಿಂದೆ ನಿಧಾನವಾಗಿ ಗಾಡಿ ಓಡಿಸಿಕೊಂಡು ಹೋದರು. “ಊರಿನ ಮಕ್ಕಳ ಕೈಯೆಲ್ಲ ಗೊತ್ತು ಅಂದ್ಕೊಂಡಿದ್ದೆ. ನನ್ನ ಮಗಳ ಕೈ ಮೂರು ತಿಂಗಳಲ್ಲಿ ಬೇರೆಯಾಗಿತ್ತು. ನಾನು ಕೇಳ್ತಾ ಇದ್ದದ್ದು ಹಳೇ ಮಗಳನ್ನ,” ಎಂದು ಅಲೋಂಜೊ ನನಗೆ ಹೇಳಿದರು.

ಮರುದಿನ ಚರ್ಚ್ ಮುಗಿದ ಮೇಲೆ ಸಿಮ್ಸ್ ಮೇಷ್ಟ್ರ ಬಳಿ ಹೋಗಿ ಎಲ್ಲವನ್ನೂ ಹೇಳಿದರು. ಸಿಮ್ಸ್ ನಂಬಲಾರದೆ ನೋಡಿದರು. ಹೆಸರು ಕೂಗಿಯಾಗಿದೆ, ಯಾರಿಗೂ ಗೊತ್ತಿಲ್ಲ, ಬಿಟ್ಟುಬಿಡು ಎಂದು ಮೊದಲು ಹೇಳಿದವರು ಅವರು. ನನಗೆ ಗೊತ್ತಲ್ಲ ಎಂದರು ಅಲೋಂಜೊ. ಹುಡುಗ ಬಾರಿಸುವುದನ್ನು ಮತ್ತೆ ಕೇಳದಿದ್ದರೆ ತಾನಿನ್ನು ಈ ಕೋಣೆಗೆ ಕಾಲಿಡುವುದಿಲ್ಲ ಎಂದೂ ಹೇಳಿದರು. ಸಿಮ್ಸ್ ಒಪ್ಪಿದರು.

ಅದಕ್ಕಿಂತ ಕಷ್ಟದ್ದು ಸೋಮವಾರ ಕಾದಿತ್ತು. ಲಾರಿ ಹೊರಡುವ ಮೊದಲು ಅಲೋಂಜೊ ಹಿಂದಿನ ಮೆಟ್ಟಿಲು ಹತ್ತದೆ ಮುಂದಿನ ಕಿಟಕಿಯ ಬಳಿ ನಿಂತು ನಡೆದದ್ದೆಲ್ಲ ಹೇಳಿದರು. ಮಿಸ್ ವರ್ಲೀನ್ ಎಂಜಿನ್ ಆರಿಸಿದರು. ಕೈಗವಸು ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ನಿನ್ನ ಕಿವಿ ಬಗ್ಗೆ ನಾನು ಆ ಹುಡುಗನಿಗೆ ಎಷ್ಟು ಹೇಳಿದ್ದೆ ಗೊತ್ತಾ ಲಾಂಜೊ?” ಎಂದರು. “ಆ ಮನುಷ್ಯ ಬೇಡ ಅಂದ್ರೆ ನಿಂದೇ ತಪ್ಪಿರತ್ತೆ ಮಗಾ, ಸುಮ್ನೆ ಒಪ್ಕೋ ಅಂದೆ. ಒಪ್ಕೊಂಡ. ಕಡ್ಡಿನ ಮಂಚದ ಕೆಳಗೆ ಎಸೆದಿದಾನೆ.”

“ನಾನು ಏನು ಮಾಡ್ಲಿ ಮಿಸ್ ವರ್ಲೀನ್?”

“ನನ್ನ ಮುಂದೆ ಯಾಕಪ್ಪಾ ನಿಂತಿದೀಯ? ನಾನೇನು ಡ್ರಮ್ ಬಾರಿಸಿದ್ನಾ? ಮನೆಗೆ ಬಾ, ಅವನಿಗೆ ಹೇಳು.”

ಅವತ್ತು ಕೆಲಸ ಮುಗಿದ ಮೇಲೆ ಅದೇ ಗಬ್ಬು ಬಟ್ಟೆಯಲ್ಲಿ ಅಲೋಂಜೊ ಆಕೆಯ ಹಿಂದೆ ಮನೆಗೆ ಹೋದರು. ಮೊಮ್ಮಗ ಟ್ರಾವಿಯನ್ ಊಟದ ಮೇಜಿನ ಮುಂದೆ ಕೆಂಪು ಅವರೆ, ಅನ್ನ ಹಾಕಿಕೊಂಡು ಕೂತಿದ್ದ. ಇವರನ್ನು ಕಂಡು ಎದ್ದು ನಿಂತ. ಹದಿನಾಲ್ಕರ ಹುಡುಗ. ಅಲೋಂಜೊ ಕೂರದೆ, ಸುತ್ತುಬಳಸದೆ ಹೇಳಿದರು. ಹುಡುಗ ಕಣ್ಣು ಪಿಳುಕಿಸದೆ ಕೇಳಿದ. ತಮ್ಮ ಮಗಳೆಂದು ತಿಳಿದು ತನ್ನನ್ನು ತೆಗೆದು ಹಾಕಿದ್ದಾರೆ ಎಂಬುದು ಅವನ ತಲೆಗೆ ಇಳಿಯಲು ಸಮಯ ಬೇಕಾಯಿತು.

“ಹಾಗಾದ್ರೆ ನಾನು ಚೆನ್ನಾಗಿ ಬಾರಿಸಿದ್ನಾ, ಇಲ್ವಾ?” ಎಂದು ಕೇಳಿದ.

“ಎಡಗೈ ಹಿಂದೆ ಬೀಳುತ್ತೆ. ಅದು ನಿಜ. ಆದ್ರೆ ಹಾಗೇ ಬೀಳೋ ಬೇರೆಯವರನ್ನ ನಾನು ತಗೊಂಡೆ. ನಿನಗೆ ಅನ್ಯಾಯ ಮಾಡಿದೆ.”

ಹುಡುಗ ಅಜ್ಜಿಯ ಕಡೆ ನೋಡಿದ. ಆಕೆ ಒಲೆಯ ಕಡೆ ತಿರುಗಿ ನಿಂತಿದ್ದರು. ಮತ್ತೆ ಬಂದು ಬಾರಿಸುತ್ತೇನೆ, ಆದರೆ ನೀವು ಆ ಕೋಣೆಯಲ್ಲಿ ಇರಬಾರದು ಎಂದ. ಹೇಳಿದ್ದು ಮರ್ಯಾದೆಯಿಂದಲೇ, ಕೊನೆಗೆ ‘ಸರ್’ ಎಂದೂ ಸೇರಿಸಿದ.

ಆ ವಾರ ಟ್ರಾವಿಯನ್ ಸಿಮ್ಸ್ ಮೇಷ್ಟ್ರೊಬ್ಬರ ಎದುರು ಮಾತ್ರ ಬಾರಿಸಿದ. ಅಲೋಂಜೊ ಶಾಲೆಯ ಕಾರು ನಿಲ್ಲಿಸುವ ಜಾಗದಲ್ಲಿ, ಏನೂ ಕೇಳಿಸದಷ್ಟು ದೂರದಲ್ಲಿ ನಿಂತಿದ್ದರು. ಸಿಮ್ಸ್ ಅವನಿಗೆ ಸ್ನೇರ್ ಕೊಡಲಿಲ್ಲ. ಹೆಗಲಿಗೆ ಬಿಗಿದುಕೊಂಡು ಎರಡೂ ಪಕ್ಕದಿಂದ ಬಾರಿಸುವ ದೊಡ್ಡ ಬೇಸ್ ಡ್ರಮ್ ಕೊಟ್ಟರು. ಹುಡುಗನ ತಾಳ ಗಟ್ಟಿ, ಕೈಚಳಕ ಮುಂದಿನ ವರ್ಷಕ್ಕೆ ಬರುತ್ತದೆ ಎಂದರು. ಹುಡುಗ ಡ್ರಮ್ ಹೊತ್ತ. ಅವನ ಭುಜಕ್ಕೆ ಪಟ್ಟಿ ಒತ್ತಿ ಕೆಂಪಾದಾಗ, ಅದರಡಿಗೆ ದಪ್ಪ ಬಟ್ಟೆ ಹೊಲಿಸಿ ತಂದವರು ಅಲೋಂಜೊ. ಇಬ್ಬರ ನಡುವೆ ಮಾತು ಇನ್ನೂ ಕಡಿಮೆ. ಎಡಗೈ ಪಾಠಕ್ಕೆ ಮಾತ್ರ ಅವನು ದಿನವೂ ಮೊದಲೇ ಬಂದು ಕೂರುತ್ತಾನೆ.

ಅಲೋಂಜೊ ಇನ್ನು ಪರೀಕ್ಷೆಯಲ್ಲಿ ಮಕ್ಕಳನ್ನು ಆರಿಸಲು ಕೂರುವುದಿಲ್ಲ. ಪಾಠ ಹೇಳುತ್ತಾರೆ, ಹರಿದ ತೊಗಲು ಬದಲಿಸುತ್ತಾರೆ, ನೀರು ಹೊರುತ್ತಾರೆ. ಇದೆಲ್ಲ ಪತ್ರಿಕೆಯಲ್ಲಿ ಬಂದರೆ ಜನ ಏನೆಂದಾರು ಎಂದು ನಾನು ಕೇಳಿದೆ. ಪಕ್ಕದಲ್ಲೇ ಕಾಫಿ ಕುಡಿಯುತ್ತಾ ಕೂತಿದ್ದ ಮಿಸ್ ವರ್ಲೀನ್ ನಡುವೆ ಬಾಯಿ ಹಾಕಿದರು. “ಅನ್ನಲಿ ಬಿಡಿ. ತಪ್ಪು ಮಾಡಿದ ಗಂಡಸರನ್ನ ಈ ಊರಲ್ಲಿ ಬೇಕಾದಷ್ಟು ನೋಡಿದೀನಿ. ಮನೆ ಬಾಗಿಲಿಗೆ ಬಂದು ಮಗು ಮುಂದೆ ಹೇಳಿದವನು ಇವನೊಬ್ಬನೇ. ಅದಕ್ಕೇ ಇನ್ನೂ ಲಾರಿ ಹತ್ತಿಸ್ಕೊಂಡಿದೀನಿ.”

ಮಗಳ ವಿಷಯ ಬಂದಾಗ ಅಲೋಂಜೊ ಕಾಫಿ ಲೋಟ ಕೆಳಗಿಟ್ಟರು. ಮಕೇಡಾ ಸಾಲಿನ ನಡುವೆ ನಿಲ್ಲುತ್ತಾಳೆ, ಬ್ಯಾಂಡ್ ಬಾರಿಸುವ ಶುಕ್ರವಾರದ ಫುಟ್‌ಬಾಲ್ ಆಟಗಳಲ್ಲಿ ಜನ ಅವಳ ಹೆಸರು ಕೂಗುತ್ತಾರೆ. ಅಪ್ಪನ ಜೊತೆ ಮೊದಲಿನಂತೆ ಮಾತಿಲ್ಲ. ಕಳೆದ ವಾರದಿಂದ ಮನೆಯಲ್ಲಿ ಮತ್ತೆ ಬಾರಿಸತೊಡಗಿದ್ದಾಳೆ, ತನ್ನ ಕೋಣೆಯ ಬಾಗಿಲು ಹಾಕಿಕೊಂಡು. ಅಲೋಂಜೊ ಹೊರಗಿನ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಎಡಗೈ, ಬಲಗೈ ಎಂದು ಏನೂ ಹೇಳುವುದಿಲ್ಲ.

ನಿಮಗೊಂದು ಆಸೆ ಇದ್ದರೆ ಹೇಳಿ ಎಂದೆ.

“‘ಬಾ ಡ್ಯಾಡಿ, ಕೇಳು’ ಅಂತ ಅವಳೇ ಒಂದಿನ ಕರೀಬೇಕು,” ಎಂದರು. ಆಮೇಲೆ ಅದೂ ಹೆಚ್ಚಾಯಿತೇನೋ ಎಂಬಂತೆ ತಲೆ ತಗ್ಗಿಸಿದರು. “ಕರೀದಿದ್ರೂ ಪರವಾಗಿಲ್ಲ. ಬಾಗಿಲು ಒಂಚೂರು ತೆಗೆದಿಟ್ಟು ಬಾರಿಸಿದ್ರೆ ಸಾಕು.”