ರೇಷ್ಮೆ ತಟ್ಟೆಯಲ್ಲಿ ಬಾಲಯೇಸು

ಚನ್ನಪಟ್ಟಣದ ಕಡೆಯ ಹಳ್ಳಿಯೊಂದರಲ್ಲಿ, ನಮ್ಮ ಚರ್ಚಿನ ಶಿಶುವಿಹಾರಕ್ಕೆ ನಾನು ಟೀಚರ್. ನಾಲ್ಕು ವರ್ಷದ ಮಕ್ಕಳ ಕೈಗೆ ನಾನು ಪೆನ್ಸಿಲ್ ಕೊಡುವುದಿಲ್ಲ. ಅವರು ಆಡುತ್ತಾರೆ, ನಾನೂ ನೆಲದ ಮೇಲೆ ಕೂತು ಆಡುತ್ತೇನೆ. ಇದೇ ಕಾರಣಕ್ಕೆ ನನಗೂ ಚರ್ಚ್ ಕಮಿಟಿಯ ಹಿರಿಯರೊಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?" ಎಂದು ಅವರು ಸಿಕ್ಕಾಗಲೆಲ್ಲ ಕೇಳುತ್ತಿದ್ದರು.

"ಗಿಡ ಮೊದ್ಲು ಒಸಿ ಬೇರು ಬುಡ್ಲಿ ಸಾ, ಆಮೇಲೆ ಬಗ್ಸೀರಂತೆ" ಅನ್ನುತ್ತಿದ್ದೆ. ನನ್ನ ನಾಲಿಗೆ ಮೊದಲಿನಿಂದಲೂ ಉದ್ದವೇ.

ಕಳೆದ ಕ್ರಿಸ್‌ಮಸ್ಸಿಗೆ ಯೇಸು ಹುಟ್ಟಿದ ಗೋದಲಿ ಕಟ್ಟಿದಾಗ ಅದರ ಗೊಂಬೆಗಳನ್ನು ಮಕ್ಕಳ ಕೈಗೇ ಕೊಟ್ಟುಬಿಟ್ಟೆ. ಮುಟ್ಟಬಾರದ ಯೇಸುವನ್ನು ತೋರಿಸಿ ಮಕ್ಕಳಿಗೇನು ಪ್ರಯೋಜನ? ಹೆಚ್ಚಿನವರು ಒಕ್ಕಲು ಮನೆಯ ಹಿಂದೂ ಮಕ್ಕಳು, ಮನೆಯಲ್ಲಿ ರೇಷ್ಮೆ ಹುಳು ಸಾಕುವವರು. ಹಸು ಮೇವು ತಿನ್ನುವ ಗೋದಲಿಯಲ್ಲಿ ಪಾಪುವನ್ನು ಮಲಗಿಸಿದರು ಎಂದು ನಾನು ಹೇಳಿದ ಕತೆ ಅವರಿಗೆ ಒಪ್ಪಿಗೆಯಾಗಲಿಲ್ಲ. ಹಸು ನೆಕ್ಕಿಬಿಟ್ಟರೆ? ಒಬ್ಬಳು ಅಮ್ಮನ ಕೈಯಲ್ಲಿ ಹುಳು ಸಾಕುವ ಹಳೆಯ ಬಿದಿರು ತಟ್ಟೆ ಹೊರಿಸಿಕೊಂಡು ಬಂದಳು. ಅದರಲ್ಲಿ ಹಿಪ್ಪುನೇರಳೆ ಎಲೆ ಹಾಸಿ ಪಾಪುವನ್ನು ಮಲಗಿಸಿ, ಮೇಲೆ ಪೇಪರ್ ಹೊದಿಸಿದರು. ಜೊತೆಗೆ ಹುಳು ಸಾಕುವ ಮನೆಯ ಕಾನೂನೂ ಬಂತು. ಕೈಕಾಲು ತೊಳೆಯದೆ ಯಾರೂ ಒಳಗೆ ಕಾಲಿಡುವಂತಿಲ್ಲ, ಇಟ್ಟರೆ ಹುಳುವಿಗೆ ತಗಲುವಂತೆ ಪಾಪುವಿಗೂ ರೋಗ ತಗಲುತ್ತದೆ. ನಾನು ಎಷ್ಟು ಬಾಯಿ ಬಡಿದುಕೊಂಡರೂ ಕೈ ತೊಳೆಯದವರು ಅವತ್ತು ನಲ್ಲಿಯ ಮುಂದೆ ಸಾಲಾಗಿ ನಿಂತಿದ್ದರು. ನೋಡಿ ನನಗೆ ಹೆಮ್ಮೆಯೋ ಹೆಮ್ಮೆ.

ಅದೇ ಹೊತ್ತಿಗೆ ಕಮಿಟಿಯ ಆ ಹಿರಿಯರು ಬಂದರು. ತಟ್ಟೆ ತಂದ ಹುಡುಗಿ ಬಾಗಿಲಲ್ಲಿ ಎರಡೂ ಕೈ ಚಾಚಿ ಅಡ್ಡ ನಿಂತಳು.

"ಕಾಲ್ ತೊಳ್ಕಂಡ್ ಬಾ ತಾತ, ಒಳ್ಗೆ ಪಾಪು ಐತೆ."

ಅವರು ಅವಳ ತಲೆಯ ಮೇಲಿಂದ ಇಣುಕಿದರು. ಮುಖ ಕೆಂಪಗಾಯಿತು.

"ದೇವ್ರ ಮಗನ್ನ ಹುಳದ ತಟ್ಟೇಲಿ ಮಲಗ್ಸಿದ್ದೀಯಾ? ಇದೇನಾ ನೀನು ಕಲ್ಸೋದು? ಸೋಮವಾರದಿಂದ ಆಟ ಬಂದ್. ಬರೀ ಬರವಣಿಗೆ."

"ಹಸು ಗೋದಲೀಲಿ ಮಲಗ್ದೋನಿಗೆ ಹುಳದ ತಟ್ಟೆ ಏನ್ ಕಮ್ಮಿ ಸಾ? ಆಟ ನಿಲ್ಲಕಿಲ್ಲ."

"ಹಂಗಾರೆ ನೀನೂ ಬ್ಯಾಡ. ಭಾನುವಾರ ಕಮಿಟೀಲಿ ಹೇಳ್ಬುಡ್ತೀನಿ."

"ಹೇಳಿ. ನಾನೂ ಬತ್ತೀನಿ."

ಹೇಳಿದೆನೇನೋ ಸರಿ. ನನಗೆ ಈ ಕೆಲಸ ಬೇಕು. ಈ ಮಕ್ಕಳು ಬೇಕು. ಆದರೆ ಆಟ ಕಿತ್ತುಕೊಂಡು ಅವರ ಮುಂದೆ ಹೇಗೆ ನಿಲ್ಲಲಿ? ಹಿರಿಯರು ಒಳಗೆ ಬರಲೆಂದು ಧೂಳುಗಾಲನ್ನು ಎತ್ತಿದರು. ಹುಡುಗಿ ಕದಲಲಿಲ್ಲ. ತಿರುಗಿ ನನ್ನ ಮುಖ ನೋಡಿದಳು.

"ಮಿಸ್, ತಾತ ಕಾಲ್ ತೊಳ್ದಿಲ್ಲ. ಬುಡ್ಲಾ?"

"ಬುಡ್ಬ್ಯಾಡ ಮಗಾ" ಎಂದೆ.