ಚಿಂತಾಕಿಯಾಕಿಯ ಹೆಸರು ಹುಡುಕಿಕೊಂಡು

ಜನವರಿಯ ಚಳಿಯಲ್ಲಿ ಕಲಬುರಗಿಯಿಂದ ಬೀದರಿನ ಬೆಳಗಿನ ಬಸ್ಸು ಹತ್ತಿದೆ. ಚೀಲದಲ್ಲಿ ಎರಡು ಸೀರೆ, ಒಂದು ಶಾಲು, ಒಂದು ನೋಟ್‌ಬುಕ್ಕು, ಮತ್ತೆ ಅಜ್ಜನ ಟ್ರಂಕಿನಲ್ಲಿ ಸಿಕ್ಕಿದ್ದ ಒಂದು ಉರ್ದು ಕಾಗದ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಹೆಂಗಸರ ಶೂನ್ಯ ಟಿಕೆಟ್ ಕೊಟ್ಟ. ಮೂರು ತಾಸಿನ ದಾರಿ. ಎರಡೂ ಕಡೆ ಹೊಲಗಳಲ್ಲಿ ತೊಗರಿ ರಾಶಿ ನಡೆದಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು ನಾನು. ವಂಶಾವಳಿ ಬರೆಯುವುದು ಆಮೇಲೆ ಅಂಟಿಕೊಂಡ ಹವ್ಯಾಸ. ಊರಿನ ದೊಡ್ಡ ಮನೆಗಳ ಪೀಳಿಗೆ ಹೇಳಲು ಹೆಳವರು ಎತ್ತಿನ ಮೇಲೆ ಬರುತ್ತಿದ್ದರಂತೆ. ನಮ್ಮ ಓಣಿಗೆ ಅವರು ಬರಲಿಲ್ಲ. ನಾವು ಬೌದ್ಧರಾಗಿ ಎರಡು ತಲೆಮಾರಾಯಿತು. ಅದಕ್ಕೂ ಹಿಂದಿನ ನಮ್ಮವರ ಬಗ್ಗೆ ಬರೆದಿಟ್ಟವರು ಯಾರೂ ಇಲ್ಲ. ಕೇಳಿ ಕೇಳಿ ಮುತ್ತಜ್ಜನವರೆಗೆ ಹೆಸರು ತುಂಬಿಸಿದ್ದೆ. ಅವನ ಪಕ್ಕದಲ್ಲಿ ಮುತ್ತಜ್ಜಿಯ ಜಾಗ ಮಾತ್ರ ಖಾಲಿ ಉಳಿದಿತ್ತು.

ಬೀದರಿನ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ ಖಾದರ್ ಮಾಸ್ತರರ ಮನೆ. ಉರ್ದು ಶಾಲೆಯಲ್ಲಿ ಕಲಿಸಿದವರು, ಎಪ್ಪತ್ತು ದಾಟಿದವರು. ಕಾಗದವನ್ನು ಬಿಸಿಲಿಗೆ ಹಿಡಿದು, ಬೆರಳಿಟ್ಟು ನಿಧಾನ ಓದಿದರು. ಅದು ನಿಜಾಮನ ಕಾಲದ ಹೊಲದ ಕಾಗದ.

"ಇಲ್ಲಿ ನಿಮ್ಮ ಮುತ್ತಜ್ಜನ ಹೆಸರದ. ವಲದ್ ಅಂದ್ರ ಇಂಥವನ ಮಗ. ಅವರಪ್ಪನ ಹೆಸರೂ ಅದರಿ."

ಒಂದು ತಲೆಮಾರು ಹೆಚ್ಚಿಗೆ ಸಿಕ್ಕ ಖುಷಿಗೆ ನಾನು ಅಲ್ಲೇ ಬರೆದುಕೊಂಡೆ. "ಹೆಣ್ಣುಮಕ್ಕಳ ಹೆಸರು?" ಎಂದು ಕೇಳಿದೆ.

ಮಾಸ್ತರರು ಕನ್ನಡಕ ತೆಗೆದರು. "ಇದರಾಗ ಎಲ್ಲಿಂದ ಬರಬೇಕು, ಬೆಹನ್‌ಜಿ? ನಮ್ಮ ಮನ್ಯಾಗ ಶಜ್ರಾ ಅದ. ಹದಿನಾಲ್ಕು ಪೀಳಿಗಿ ಬರದಾರ. ಅದರಾಗ ನಮ್ಮ ಅಮ್ಮಾನ ಹೆಸರಿಲ್ಲ. ನಾನೇ ಪೆನ್ಸಿಲ್‌ಲೆ ಬರದೇನಿ." ನಕ್ಕು, ಚಹಾ ತರಿಸಿದರು. ಓದಿದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ.

ಮರುದಿನ ಭಾಲ್ಕಿಗೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಸುಸಲಾ, ಮಿರ್ಚಿ ಭಜಿ ತಿಂದು ಖಟಕ ಚಿಂಚೋಳಿಯ ಬಸ್ಸಿಗೆ ಕಾದೆ. ಅದು ನಮ್ಮ ಮೂಲ ಊರು. ಅಲ್ಲಿ ನನ್ನ ಸೋದರತ್ತೆ ಸೋನಮ್ಮ ಇದ್ದಾಳೆ. ಎಂಬತ್ತು ದಾಟಿದೆ, ಕಿವಿ ಮಂದ, ನಾಲಿಗೆ ಮಾತ್ರ ಚುರುಕು. ಮುತ್ತಜ್ಜಿಯನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ಅವಳೊಬ್ಬಳೇ.

ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿ ಎದುರಿಗೆ ಕೂತಳು. ನಾನು ಮುತ್ತಜ್ಜಿಯ ಹೆಸರನ್ನು ಮತ್ತೊಮ್ಮೆ ಕೇಳಿದೆ.

"ಎಷ್ಟು ಸರ್ತಿ ಕೇಳ್ತಿ? ನಾವು ಆಯಿ ಅಂತಿದ್ದಿವಿ. ಮುತ್ಯಾ 'ಏ ಇಕಿನೇ' ಅಂತಿದ್ದ. ಊರ ಮಂದಿ 'ಚಿಂತಾಕಿಯಾಕಿ' ಅಂತಿದ್ದರು. ಹೆಸರು ಯಾರು ಕರಿತಿದ್ದರವ್ವ?"

ಚಿಂತಾಕಿ ಅವಳ ತವರೂರು. ನಾಳೆ ಅಲ್ಲಿಗೇ ಹೋಗುತ್ತೇನೆ ಎಂದೆ. ಅತ್ತೆಯ ಮುಖ ಬಿಗಿಯಿತು.

"ಹೋಗಬ್ಯಾಡ. ಪಂಚಮಿಗೆ ತಮ್ಮ ಕರಿಲಿಕ್ಕಿ ಬರ್ತಾನಂತ ಆಯಿ ಅಗಸಿ ಕಟ್ಟಿ ಮ್ಯಾಲ ಮೂರು ದಿನ ಕುಂತಳು. ಅವ ಬರಲಿಲ್ಲ. ಆಮ್ಯಾಲ ತವರಿನ ಹೆಸರೇ ಎತ್ತಲಿಲ್ಲ. ಆಕಿ ಸತ್ತಾಗೂ ಆ ಮನಿದು ಒಂದು ನರಪಿಳ್ಳಿ ಬರಲಿಲ್ಲ. ಅಂಥವರ ಹೊಸ್ತಿಲು ನೀ ಯಾಕ ತುಳಿಬೇಕು?"

ಅತ್ತೆಯ ಮಾತು ಮೀರಿದವಳಲ್ಲ ನಾನು. ನನ್ನ ಹೆರಿಗೆ, ಮಕ್ಕಳ ಜ್ವರ ಎಲ್ಲದಕ್ಕೂ ಓಡಿಬಂದವಳು ಅವಳು. ಆದರೂ ಬೆಳಿಗ್ಗೆ ಅವಳ ಕಾಲು ಮುಟ್ಟಿ ಹೊರಟೆ. ಅವಳು ಹೋಗು ಎನ್ನಲಿಲ್ಲ. ಆದರೆ ಎರಡು ರೊಟ್ಟಿ ಕಟ್ಟಿಕೊಟ್ಟಳು.

ಭಾಲ್ಕಿಯಿಂದ ಔರಾದ, ಔರಾದದಿಂದ ಚಿಂತಾಕಿ. ಬಸ್ಸಿನಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಕೇಳಿಸುತ್ತಿದ್ದವು. ಇಳಿದಾಗ ಮಧ್ಯಾಹ್ನವಾಗಿತ್ತು. ಬುದ್ಧವಿಹಾರದ ಕಟ್ಟೆಯ ಮೇಲೆ ಕೂತಿದ್ದವರನ್ನು ಕೇಳಿದೆ: "ಹಿಂದಕ ಖಟಕ ಚಿಂಚೋಳಿಗಿ ಹೆಣ್ಣು ಕೊಟ್ಟ ಮನಿ ಯಾವುದರಿ?"

ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಒಬ್ಬ ಹಿರಿಯರು ಎದ್ದು, "ಅಷ್ಟು ಹಳೀದು ಅಂದ್ರ ಮುದುಕಿನೇ ಕೇಳಬೇಕು, ಬರ್ರಿ," ಎಂದು ಓಣಿಯ ಕೊನೆಯ ಮನೆಗೆ ಕರೆದೊಯ್ದರು.

ಅಂಗಳದಲ್ಲಿ ಒಬ್ಬ ಮುದುಕಿ ಮೊರದಲ್ಲಿ ತೊಗರಿ ಕೇರುತ್ತಿದ್ದಳು. ನಾನು ಯಾರು, ಯಾಕೆ ಬಂದೆ ಎಂದು ಅವಳ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದೆ. ಅವಳ ಕೈ ನಿಂತಿತು.

"ಚಿಂಚೋಳಿಯಿಂದ ಬಂದೀಯಾ? ಈಗ ಬಂದೀಯಾ?"

ಪಕ್ಕದಲ್ಲಿ ಕೂರಿಸಿಕೊಂಡಳು. ತನ್ನ ಅಪ್ಪ ಆ ಹೆಣ್ಣುಮಗಳ ತಮ್ಮ ಎಂದಳು.

"ಅಪ್ಪ ಸಾಯೋತನಕ ಇದೊಂದೇ ಹೇಳ್ತಿದ್ದ. ಪಂಚಮಿಗಿ ಅಕ್ಕನ ಕರಿಲಿಕ್ಕಿ ನಡಕೊಂಡು ಹೋಗಿದ್ದ. ಮಾಂಜ್ರಾ ತುಂಬಿ ಬಂದಿತ್ತು. ಎರಡು ದಿನ ದಂಡಿ ಮ್ಯಾಲ ಕುಂತ. ನೀರಿಳಿಲಿಲ್ಲ, ಹೊಳ್ಳಿ ಬಂದ. ಆಮ್ಯಾಲ ಹೋದರ ಅಕ್ಕ ಒಳಗಿಂದ ಹೊರಗ ಬರಲಿಲ್ಲ. ಮಂದಿ ಕೈಲೆ ನೀರು ಕೊಟ್ಟು ಕಳಿಸಿದಳಂತ."

"ಸತ್ತಾಗ ಯಾಕ ಬರಲಿಲ್ಲ?"

"ಸುದ್ದಿ ಬಂದ್ರ ತಾನೇ ಬರೋದು? ಯಾರೋ ಸಂತ್ಯಾಗ ಹೇಳಿದರಂತ, ವರ್ಷದ ಮ್ಯಾಲ."

ಸುದ್ದಿ ಕಳಿಸಿದ್ದೆವು ಎಂದು ಅತ್ತೆ ಎಷ್ಟೋ ಸಲ ಹೇಳಿದ್ದಳು. ಯಾರದು ನಿಜವೋ ನನಗೆ ಗೊತ್ತಿಲ್ಲ. ಈಗ ಗೊತ್ತಾಗುವ ದಾರಿಯೂ ಇಲ್ಲ. ಕೇಳಬೇಕಾದ್ದನ್ನು ಆಗ ಕೇಳಿದೆ: "ಆಯಿ, ಆಕಿ ಹೆಸರೇನಿತ್ತು?"

ಮುದುಕಿ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಝರೆಮ್ಮ. ನನ್ನ ಹೆಸರೇ. ಅಕ್ಕ ಬರಲಿಲ್ಲಂತ ಅಪ್ಪ ನನಗ ಆ ಹೆಸರಿಟ್ಟ. ಹೊಲದಾಗಿಂದ ಬಂದವನೇ ಬಾಗಿಲಾಗ ನಿಂತು 'ಝರೆಮ್ಮಾ' ಅಂತ ಕೂಗ್ತಿದ್ದ. ನಾ ಎದುರಿಗೇ ಇದ್ದರೂ ಕೂಗ್ತಿದ್ದ."

ನೋಟ್‌ಬುಕ್ಕು ತೆರೆದೆ. ಬರೆಯುವುದಕ್ಕೆ ಮೊದಲು ಅತ್ತೆಗೆ ಫೋನ್ ಮಾಡಿ, ಕೇಳಿದ್ದನ್ನೆಲ್ಲ ಜೋರಾಗಿ ಎರಡೆರಡು ಸಲ ಹೇಳಿದೆ.

"ಹೊಳಿ ಬಂದಿತ್ತಂತೇನು?" ಎಂದಳು ಅತ್ತೆ.

"ಹೌದತ್ತಿ. ಎರಡು ದಿನ ದಂಡಿ ಮ್ಯಾಲ ಕುಂತಿದ್ದನಂತ."

"ಆಯಿಗಿ ಯಾರೂ ಹೇಳಲಿಲ್ಲಲ್ಲವ್ವ." ಅವಳ ದನಿ ಒಡೆದಿತ್ತು. ಆಮೇಲೆ ಕೇಳಿದಳು, "ಆಕಿ ಮಾರಿ ಹ್ಯಾಂಗದ?"

ನಾನು ಮುದುಕಿಯತ್ತ ತಿರುಗಿ ನೋಡಿದೆ. ಚೂಪು ಗದ್ದ, ಅಗಲ ಹಣೆ. "ನಿನ್ನಂಗೇ ಅದ," ಎಂದೆ.

"ಫೋನ್ ಕೊಡು ಆಕಿಗಿ."

ಕೊಟ್ಟೆ. ಇಬ್ಬರಿಗೂ ಕಿವಿ ಮಂದ. ಒಬ್ಬರ ಮಾತು ಇನ್ನೊಬ್ಬರಿಗೆ ಎಷ್ಟು ಕೇಳಿಸಿತೋ ತಿಳಿಯದು. "ಯಾವಾಗ ಬರ್ತಿ?" ಎಂದು ಈ ಕಡೆಯ ಮುದುಕಿ ಕೂಗಿದಳು. "ನೀನೇ ಬಾ!" ಎಂದು ಆ ಕಡೆಯ ಕೂಗು ನನಗೂ ಕೇಳಿಸಿತು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತು ನಗುತ್ತಿದ್ದರು. ಒಂದಿಬ್ಬರು ಕಣ್ಣೂ ಒರೆಸಿಕೊಂಡರು.

ಹೊರಡುವಾಗ ಝರೆಮ್ಮ ಒಳಗಿನಿಂದ ಒಂದು ಹಸಿರು ಇಳಕಲ್ ಸೀರೆ ತಂದಳು. ನನಗೆಂದು ಭಾವಿಸಿ ಬೇಡವೆಂದೆ. "ನಿನಗಲ್ಲ, ನಿಮ್ಮ ಅತ್ತಿಗಿ. ತವರಿಂದು ಅಂತ ಹೇಳು," ಎಂದು ಗದರಿದಳು.

ಬೀದರಿಗೆ ಹಿಂತಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೊತ್ತು ಇಳಿಯುತ್ತಿತ್ತು. ಮಾಂಜ್ರಾ ಸೇತುವೆ ಬಂದಾಗ ಎದ್ದು ನಿಂತು ನೋಡಿದೆ. ಚಳಿಗಾಲದ ತೆಳು ನೀರು, ದಂಡೆಯಲ್ಲಿ ಎಮ್ಮೆಗಳು, ನೀರಿನ ಪಕ್ಕ ಬಟ್ಟೆ ಒಣಗಹಾಕಿದ ಕಲ್ಲುಗಳು. ಬಸ್ಸಿಗೆ ಅದನ್ನು ದಾಟಲು ಒಂದು ನಿಮಿಷವೂ ಹಿಡಿಯಲಿಲ್ಲ.