ಅಂಬಕ್ಕನ ಹುಲ್ಲಿನ ಮಶೀನು

ಒಂದು ರಾತ್ರಿ ಪೂರ್ತಿ ಹೊದ್ದು ಮಲಗಿದ್ದ ಚಾದರವನ್ನು ಮರುದಿನ ಬೆಳಿಗ್ಗೆ ಮಡಿಚಿ ಅಂಗಡಿಗೆ ಹಿಂದಿರುಗಿಸಿ ಬಂದ ಹೆಂಗಸು ಇಡೀ ಸೋಲಾಪುರದಲ್ಲಿ ಅಂಬಕ್ಕ ಒಬ್ಬರೇ ಇರಬೇಕು. "ಕಾಲಿನ ಕಡೆ ಥಂಡಿ ಬಿಡತೈತಿ" ಎಂದು ಅವರು ಹೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅಂಗಡಿಯವನು ಅದನ್ನು ಒಳಗಿಟ್ಟು ಇನ್ನೊಂದನ್ನು ತೆಗೆದುಕೊಟ್ಟ. ಕೊಡೆ ಕೊಳ್ಳುವಾಗ ಅಂಗಡಿಯ ಮುಂದೆಯೇ ಅದನ್ನು ಬಿಚ್ಚಿ ಹಿಡಿದು, ಅಂಗಡಿಯವನ ಕೈಯಿಂದಲೇ ಮೇಲೆ ತಂಬಿಗೆ ನೀರು ಹುಯ್ಯಿಸುತ್ತಿದ್ದರು. ಹೊಸ ಸ್ಟೋ ಬಂದರೆ ಅದರ ಮೇಲೆ ಒಂದು ಹೊತ್ತಿನ ಅಡಿಗೆಯಾಗಿ, ಎಲ್ಲರ ಊಟವಾಗಿ, ಪಾತ್ರೆ ತೊಳೆದಿಟ್ಟ ಮೇಲೆಯೇ "ಪಸಂತ" ಎಂಬ ಮಾತು ಅವರ ಬಾಯಿಂದ ಬರುತ್ತಿದ್ದುದು. ವ್ಯಾಪಾರಿಗಳು ಇದನ್ನೆಲ್ಲ ಸಹಿಸಿಕೊಳ್ಳುತ್ತಿದ್ದರು. ಅಂಬಕ್ಕನಿಗೆ ಪಸಂತಾದ ವಸ್ತುವನ್ನು ಓಣಿಯ ಉಳಿದ ಹೆಂಗಸರು ಎರಡು ಮಾತಿಲ್ಲದೆ ಕೊಳ್ಳುತ್ತಾರೆಂಬುದು ಅವರಿಗೆ ಗೊತ್ತಿತ್ತು.

"ವಾಪರಸಿ ನೋಡಲಾರದ ಹೆಂಗ ಹೇಳೂದು?" ಎಂಬುದು ಅವರ ಮಾತು. ಬಳಸಿ ನೋಡುವುದಕ್ಕೆ ನಮ್ಮ ಕಡೆ ಮರಾಠಿಯಿಂದ ಬಂದ ಆ ಶಬ್ದವನ್ನೇ ಎಲ್ಲರೂ ಆಡುತ್ತಾರೆ. "ಗಂಡನ್ನ ಒಬ್ಬನ್ನ ಮಾತ್ರ ನೋಡಲಾರದ ತಗೊಂಡೆ" ಎಂದು ಅವರು ಸೇರಿಸಿದರೆ, ಪತ್ರಿಕೆಯ ಹಿಂದಿನಿಂದ ಶಾಂತಪ್ಪನವರ ದನಿ ಬರುತ್ತಿತ್ತು: "ವಾಪಸ್ ಮಾಡೂ ಮುದತ್ ಮುಗದೈತಿ."

ಶಾಂತಪ್ಪನವರು ಅವರ ಗಂಡ, ನೂಲಿನ ವ್ಯಾಪಾರಿ. ವಿಜಾಪುರ ರಸ್ತೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಸೊಂಟದೆತ್ತರದ ಒಂದು ಗೋಡೆ. ಎಪ್ಪತ್ತರ ದಶಕದ ನಡುವಿನ ಮಾತು ಇದು. ನಾನು ಬಿ.ಎಸ್ಸಿ. ಮುಗಿಸಿ, ನೌಕರಿಗೆ ಅರ್ಜಿ ಹಾಕುತ್ತ ಮನೆಯಲ್ಲಿದ್ದೆ. ಶಾಂತಪ್ಪನವರು ಪೇಟೆಯಲ್ಲಿ ನಡೆದು ಬಂದರೆ ಹಮಾಲರು ಗಾಡಿ ಬದಿಗೆ ಸರಿಸುತ್ತಿದ್ದರಂತೆ, ಅಷ್ಟು ಬಿರುಸಿನ ನಡಿಗೆ. ಆ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಮಾತು ತಿರುಗಿ ಬಂತು. ಎಡಗಾಲು ಮಾತ್ರ ಎಳೆಯತೊಡಗಿತು, ಅದರಲ್ಲಿ ಸ್ಪರ್ಶವೇ ಉಳಿಯಲಿಲ್ಲ. ಎಡಗೈ ಏನನ್ನಾದರೂ ಹಿಡಿದರೆ ಬೆರಳುಗಳು ತಾವಾಗಿ ಬಿಚ್ಚುತ್ತಿರಲಿಲ್ಲ. ಚಹಾದ ಬಟ್ಟಲನ್ನು ಅಂಬಕ್ಕನೇ ಒಂದೊಂದು ಬೆರಳು ಬಿಡಿಸಿ ತೆಗೆದುಕೊಳ್ಳಬೇಕಾಗಿತ್ತು. ಅಂಗಡಿಯನ್ನು ಮಗ ನೋಡಿಕೊಳ್ಳತೊಡಗಿದ.

ದಿನಾ ಬೆಳಿಗ್ಗೆ ಮೆತ್ತಗಿನ ನೆಲದ ಮೇಲೆ ಸ್ವಲ್ಪ ನಡೆಯಲಿ ಎಂದು ಡಾಕ್ಟರು ಹೇಳಿದರು. ನಮ್ಮೂರಿನಲ್ಲಿ ಮೆತ್ತಗಿನ ನೆಲ ಎಲ್ಲಿಂದ ತರುವುದು? ಅಂಬಕ್ಕ ಮನೆಯ ಮುಂದಿನ ಚಿಕ್ಕ ಅಂಗಳದ ಕಲ್ಲು ಆರಿಸಿ, ಕೆರೆಯ ಮಣ್ಣು ಹಾಕಿಸಿ, ಗರಿಕೆ ನೆಟ್ಟರು. ಬಟ್ಟೆ ಹಿಂಡಿದ ನೀರು, ಅಕ್ಕಿ ತೊಳೆದ ನೀರು ಎಲ್ಲ ಅದಕ್ಕೇ. ನಳದ ನೀರು ಕುಡಿಯಲಿಕ್ಕೇ ಸಾಲದ ಊರಿನಲ್ಲಿ ಹುಲ್ಲಿಗೆ ನೀರು ಹನಿಸುವವರನ್ನು ಕಂಡು ಎದುರುಮನೆಯ ವಕೀಲರು, "ಎಮ್ಮಿ ಯಾವಾಗ ತರತೀರಿ ಅಂಬಕ್ಕಾ?" ಎಂದು ಕೆಣಕಿದರು. ಅಂಬಕ್ಕ ತಲೆ ಎತ್ತದೆ, "ಬಂದೈತ್ರಿ. ಒಳಗ ಪೇಪರ್ ಓದಾಕತ್ತೈತಿ" ಎಂದರು.

ಹಬ್ಬದ ದಿನ ಓಣಿಯವರೆಲ್ಲ ಗಣಪತಿಗೆಂದು ಆ ಅಂಗಳದ ಗರಿಕೆಯನ್ನೇ ಕಿತ್ತುಕೊಂಡು ಹೋಗತೊಡಗಿದ ಮೇಲೆ ಒಂದು ಕಟ್ಟಳೆ ಹುಟ್ಟಿಕೊಂಡಿತು. ದೇವರ ತಲೆಗೆ ಏರುವ ಹುಲ್ಲು, ಅದನ್ನು ಚಪ್ಪಲಿಯಿಂದ ತುಳಿಯುವುದು ಹೇಗೆ? ಬಂದವರೆಲ್ಲ ಗೇಟಿನ ಬಳಿಯೇ ಚಪ್ಪಲಿ ಬಿಡಬೇಕು. ಟಪಾಲಿನವನೂ ಬರಿಗಾಲಲ್ಲಿ ಬಂದು ಕಾಗದ ಕೊಟ್ಟು ಹೋಗುತ್ತಿದ್ದ.

ಹುಲ್ಲು ಬೆಳೆಯಿತು. ಕೂಲಿಯವಳೊಬ್ಬಳು ಕುಡಗೋಲಿನಿಂದ ಕೊಯ್ದು ಹೋದಳು. ಕೊಯ್ದ ಕೂಳೆಗಳು ಮುಳ್ಳಿನ ಹಾಗೆ ನಿಂತವು. ಮರುದಿನ ಶಾಂತಪ್ಪನವರು ನಡೆದಾಡಿ ಒಳಗೆ ಹೋದ ಮೇಲೆ ನೋಡಿದರೆ ಜಗುಲಿಯ ಮೇಲೆ ಕೆಂಪು ಹೆಜ್ಜೆಗಳು, ಎಡಗಾಲಿನವು ಮಾತ್ರ. ಅವರಿಗೆ ತಿಳಿದೇ ಇರಲಿಲ್ಲ. ಅಂಬಕ್ಕ ಅದನ್ನು ಒರೆಸಿ, ನನ್ನನ್ನು ಗೋಡೆಯ ಬಳಿ ಕರೆದು, ಹುಲ್ಲು ಕತ್ತರಿಸುವ ಮಶೀನು ಎಲ್ಲಿ ಸಿಗುತ್ತದೆ ಹುಡುಕೋಣ ಬಾ ಎಂದರು. ಇಷ್ಟು ಸಣ್ಣ ಅಂಗಳಕ್ಕೆ ಮಶೀನೇಕೆ, ದೊಡ್ಡ ಕತ್ತರಿ ಸಾಕಲ್ಲ ಎಂದೆ. ಅವರು ಒಳಗೊಮ್ಮೆ ನೋಡಿ ದನಿ ತಗ್ಗಿಸಿದರು.

"ಬಡಿಗಿ ಹಿಡಕೋರಿ ಅಂದರ, ನನ್ನ ಮುದುಕನ್ನ ಮಾಡಾಕತ್ತಿ ಅಂತಾರ. ಗ್ವಾಡಿ ಹಿಡದ ನಡೀಯಾಕ ನಾಚಿಕಿ. ಮಶೀನಿನ ಹಿಡಿಕಿ ಹಿಡಕೊಂಡ ಹ್ವಾದರ, ಸಾವಕಾರ್ರು ಹುಲ್ಲ ಕತ್ತರಸಾಕತ್ತಾರ ಅಂತ ಮಂದಿ ತಿಳೀತಾರ. ಸುಮಿತ್ರಾ, ಇದು ಅವರಿಗೆ ಗೊತ್ತಾಗಬಾರದ ನೋಡು."

ಮಶೀನು ಆರಿಸಲು ನನ್ನನ್ನೇ ಕರೆದುದಕ್ಕೆ ಕಾರಣ ನನ್ನ ಡಿಗ್ರಿ. ನಾನು ಓದಿದ್ದು ಸಸ್ಯಶಾಸ್ತ್ರ ಎಂದು ಹೇಳಿ ನೋಡಿದೆ. ಹುಲ್ಲೂ ಅದರಲ್ಲೇ ಬರುತ್ತದಲ್ಲ ಎಂದುಬಿಟ್ಟರು.

ಅಕ್ಕಲಕೋಟೆಯಲ್ಲಿ ನಿವೃತ್ತ ಮಾಮಲೇದಾರರೊಬ್ಬರ ಹತ್ತಿರ ಕೈಯಿಂದ ತಳ್ಳುವ ಮಶೀನು ಇದೆ, ಮಾರುತ್ತಾರಂತೆ ಎಂದು ಮಗ ಸುದ್ದಿ ತಂದ. ನಾವು ಹೊರಟದ್ದು ಗುರುವಾರ. ಅಲ್ಲಿಯ ಸ್ವಾಮಿಗಳ ಮಠದ ದರ್ಶನಕ್ಕೆ ಹೋಗುವವರಿಂದ ಬಸ್ಸು ಕಿಕ್ಕಿರಿದಿತ್ತು. ವಳಸಂಗದಲ್ಲಿ ಒಂದಷ್ಟು ಜನ ಇಳಿದ ಮೇಲೆ ಕೂರಲು ಜಾಗ ಸಿಕ್ಕಿತು. ಮಾಮಲೇದಾರರ ಹಿತ್ತಲಲ್ಲಿ ಆ ಮಶೀನು ಗೋಣಿಚೀಲ ಹೊದ್ದು ನಿಂತಿತ್ತು: ಎರಡು ಕಬ್ಬಿಣದ ಗಾಲಿ, ಅವುಗಳ ನಡುವೆ ಸುರುಳಿಯಾಗಿ ತಿರುಚಿದ ಅಲಗುಗಳು, ಉದ್ದನೆಯ ಕಟ್ಟಿಗೆಯ ಹಿಡಿಕೆ. ತಳ್ಳಿದರೆ ಗಾಲಿಯೊಡನೆ ಅಲಗೂ ತಿರುಗುತ್ತದೆ, ಅಷ್ಟೇ. ಅಂಬಕ್ಕ ಸೆರಗು ಸಿಕ್ಕಿಸಿ ಹಿತ್ತಲ ತುಂಬ ತಳ್ಳಾಡಿದರು. ತುಕ್ಕು ಹಿಡಿದು ಬಿಗಿಯಾಗಿತ್ತು. ಅವರ ಕುಪ್ಪಸ ಬೆನ್ನಿಗೆ ಅಂಟಿತು. ಇಷ್ಟು ಜೋರು ಹಾಕಿ ತಳ್ಳುವುದು ಗಂಡನಿಂದ ಆಗದ ಮಾತು ಎಂದು ಬಸ್ಸಿನಲ್ಲಿ ಬರುವಾಗ ಬೇಸರದಿಂದ ಹೇಳಿದರು. ಆ ಮಶೀನು ಪಸಂತಾಗಲಿಲ್ಲ.

ಸೋಲಾಪುರದ ಒಂದು ಅಂಗಡಿಯಲ್ಲಿ ಪೆಟ್ರೋಲಿನ ಮಶೀನು ಸಿಕ್ಕಿತು. ಯಾವುದೋ ಬಂಗಲೆಯಿಂದ ಬಂದ ಹಳೆಯ ವಿಲಾಯತಿ ಮಾಲು. ತಾನೇ ಮುಂದಕ್ಕೆ ಹೋಗುತ್ತದೆ, ಹಿಡಿದವರು ಹಿಂದೆ ನಡೆದರೆ ಸಾಕು ಎಂದು ಅಂಗಡಿಯವನು ವಿವರಿಸಿದ. ಅಂಬಕ್ಕನ ಮುಖ ಅರಳಿತು. ತಳ್ಳುವ ಕಷ್ಟವಿಲ್ಲ, ಬರೀ ನಡೆಯುವುದು. ಅವರಿಗೆ ಬೇಕಾಗಿದ್ದುದೂ ಅದೇ. ಮನೆಗೆ ಕಳಿಸಿಕೊಡಿ, ವಾಪರಿಸಿ ನೋಡಿ ಹೇಳುತ್ತೇನೆ ಎಂದರು.

ರವಿವಾರ ಬೆಳಿಗ್ಗೆ ಬಾಬುಲಾಲ ಎಂಬ ಮಿಸ್ತ್ರಿ ಅದನ್ನು ಕೈಗಾಡಿಯಲ್ಲಿ ತಂದ. ಗೇಟಿನ ಬಳಿ ಅವನ ಚಪ್ಪಲಿಯನ್ನೂ ಬಿಡಿಸಿದರು.

"ವೈನಿ, ಈ ಮಶೀನಿಗೆ ಬೂಟ ಹಾಕ್ಕೊಂಡ ನಿಂದರಬೇಕ್ರಿ" ಎಂದು ಅವನು ಗೊಣಗಿದ.

"ಕರಿಕಿ ಮ್ಯಾಲೆ ಬೂಟಾ?" ಎಂದರು ಅಂಬಕ್ಕ. ಅಲ್ಲಿಗೆ ಆ ಮಾತು ಮುಗಿಯಿತು.

ಅವನು ಹಗ್ಗ ಜಗ್ಗಿ ಇಂಜಿನ್ನು ಚಾಲೂ ಮಾಡಿದ. ಸದ್ದಿಗೆ ಓಣಿಯ ಮಂದಿ ಬಂದು ಗೋಡೆಗುಂಟ ನಿಂತರು. ಮಶೀನು ಅಂಗಳದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿಬಂತು. ಹಿಂದೆ ಹುಲ್ಲು ಜಮಖಾನೆಯ ಹಾಗೆ ಸಮನಾಗಿತ್ತು. ಬಾಬುಲಾಲ ಅದನ್ನು ಒಂದು ಕಡೆ ನಿಲ್ಲಿಸಿ, ಇಂಜಿನ್ನು ಆರಿಸದೆ, ಗೇಟಿನ ಬಳಿಯ ಕೈಗಾಡಿಯಿಂದ ಎಣ್ಣೆಯ ಡಬ್ಬಿ ತರಲು ಹೋದ.

ಶಾಂತಪ್ಪನವರು ಎದ್ದು ಬಂದದ್ದು ಆಗ. ಯಾರೂ ಕರೆದಿರಲಿಲ್ಲ. ಜಗುಲಿಯ ಕಂಬ ಬಿಟ್ಟು, ಶುಭ್ರವಾದ ಧೋತರದಲ್ಲಿ ಕಾಲೆಳೆಯುತ್ತ ಬಂದು, ಎರಡೂ ಕೈಯಿಂದ ಹಿಡಿಕೆ ಹಿಡಿದರು. ವಕೀಲರು ಏನೋ ಅಂದರು; ಶಾಂತಪ್ಪನವರು ನಕ್ಕರು. ಕಾಯಿಲೆಯ ನಂತರ ಓಣಿಯವರ ಮುಂದೆ ಅವರು ಹಾಗೆ ತಲೆಯೆತ್ತಿ ನಿಂತದ್ದು ಅದೇ ಮೊದಲು. ಅಂಬಕ್ಕ ನನ್ನ ಕಡೆ ತಿರುಗಿ ನೋಡಿದರು. ಅಷ್ಟು ಸಂತೋಷ ತುಂಬಿದ ಮುಖವನ್ನು ನಾನು ಕಂಡದ್ದು ಕಡಿಮೆ. ಅವರು ಹಾಗೆ ನನ್ನತ್ತ ನೋಡುತ್ತಿರುವಾಗಲೇ ಶಾಂತಪ್ಪನವರ ಬಲಗೈ ಹಿಡಿಕೆಯ ಮೇಲಿದ್ದ, ಮಶೀನನ್ನು ಮುಂದಕ್ಕೆ ಓಡಿಸುವ ಕಬ್ಬಿಣದ ಸಳಿಯನ್ನು ಒತ್ತಿತು.

ಮುಂದಿನದನ್ನು ನಾನು ಎಷ್ಟು ಸಲ ಮತ್ತೆ ಮತ್ತೆ ನೋಡಿದ್ದೇನೋ. ಕೆಲವು ಸಲ ಅದು ಬಹಳ ನಿಧಾನವಾಗಿ ನಡೆಯುತ್ತದೆ, ಕೆಲವು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ. ಮಶೀನು ಹೊರಟಿತು. ಬಲಗಾಲು ಅದರ ಹಿಂದೆ ಹೋಯಿತು, ಎಡಗಾಲು ಹೋಗಲಿಲ್ಲ. ಅವರು ಮೊಣಕಾಲಿನ ಮೇಲೆ ಬಿದ್ದು, ಆಮೇಲೆ ಬೋರಲಾದರು. ಬಲಗೈ ಬಿಟ್ಟರೂ ಒತ್ತಿದ ಸಳಿ ಒತ್ತಿದಂತೆಯೇ ಉಳಿಯಿತು. ಎಡಗೈ ಬಿಡಲೇ ಇಲ್ಲ. ಒಂದೇ ಕಡೆಗೆ ಭಾರ ಜಗ್ಗಿದ್ದರಿಂದ ಮಶೀನು ನೇರ ಹೋಗದೆ ಸುತ್ತು ಹಾಕಿ ಬರತೊಡಗಿತು, ಹಿಂದೆ ಚಾಚಿಕೊಂಡಿದ್ದ ಅವರ ಕಾಲುಗಳ ಕಡೆಗೇ.

ಅವರು ಕೂಗಲಿಲ್ಲ. ಎಡಗಾಲಿಗೆ ಏನು ಬಂದರೂ ಅವರಿಗೆ ಗೊತ್ತಾಗುವಂತಿರಲಿಲ್ಲ. ನಾನು ನೀರಿನ ಝಾರಿ ಹಿಡಿದು ನಿಂತಲ್ಲೇ ನಿಂತಿದ್ದೆ. ಝಾರಿಯಿಂದ ನನ್ನ ಪಾದದ ಮೇಲೆ ನೀರು ಸುರಿಯುತ್ತಿದ್ದುದು ಇವತ್ತಿಗೂ ನೆನಪಿದೆ. ಅಂಬಕ್ಕ ಮಶೀನಿನ ಹತ್ತಿರ ಹೋಗಲಿಲ್ಲ. ಗಂಡನ ಕಾಲುಗಳ ಮೇಲೆ ಬಿದ್ದರು. ತೊಟ್ಟಿಲಿನಿಂದ ಕೂಸನ್ನು ಎತ್ತುವ ಹಾಗೆ ಎರಡೂ ಕಾಲುಗಳನ್ನು ಬಾಚಿ ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಮಶೀನಿನಿಂದ ಆಚೆಗೆ ಉರುಳಿದರು. ಧೋತರದ ಚುಂಗು ಮಶೀನಿನ ಬಾಯಿಗೆ ಹೋಯಿತು. ಬಟ್ಟೆ ಹರಿಯುವ ಸದ್ದು, ಆಮೇಲೆ ಒಳಗೆ ಸುತ್ತಿಕೊಳ್ಳುವ ಸದ್ದು. ಇಂಜಿನ್ನು ಕೆಮ್ಮಿ ನಿಂತಿತು. ಓಡಿಬಂದ ಬಾಬುಲಾಲ ಯಾವುದೋ ತಂತಿ ಕಿತ್ತು, ಅದನ್ನು ಕೈಯಲ್ಲಿ ಹಿಡಿದೇ ನಿಂತ.

ಪೆಟ್ರೋಲಿನ ವಾಸನೆ, ಅದರೊಳಗೆ ಹಸಿ ಹುಲ್ಲಿನ ವಾಸನೆ. ಶಾಂತಪ್ಪನವರು ನೆಲಕ್ಕೆ ಕೆನ್ನೆಯಿಟ್ಟು ಮಲಗಿದ್ದರು. ತಿರುಗಿ ನೋಡಲು ಅವರಿಂದ ಆಗುತ್ತಿರಲಿಲ್ಲ.

"ಐತೇನು?" ಎಂದು ಕೇಳಿದರು.

ಅಂಬಕ್ಕ ಕಣ್ಣು ತೆರೆಯಲಿಲ್ಲ. ಕೈಯಿಂದಲೇ ತಡವಿದರು. ಮೀನಖಂಡ, ಹಿಮ್ಮಡಿ, ಪಾದ, ಆಮೇಲೆ ಒಂದೊಂದೇ ಬೆರಳು.

"ಐತಿ" ಎಂದರು. "ಪೂರಾ ಐತಿ. ಸುಮ್ಮನ ಮಲಗ್ರಿ."

ಅದಾದ ಮೇಲೆ ಶಾಂತಪ್ಪನವರು ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟರು. ಮೈಯಲ್ಲಿ ಒಂದು ತರಚುಗಾಯವೂ ಇರಲಿಲ್ಲ, ಆದರೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಕಾಲು ಇನ್ನಷ್ಟು ಸೆಟೆಯಿತು. ಡಾಕ್ಟರು ಬಂದು, ಹೀಗೇ ಕೂತರೆ ಮತ್ತೆ ನಡೆಯುವುದು ಕಷ್ಟ ಎಂದು ಎಚ್ಚರಿಸಿ ಹೋದರು. ಹುಲ್ಲು ಮೊಣಕಾಲೆತ್ತರ ಬೆಳೆದು ತೆನೆ ಬಿಟ್ಟಿತು. ಅಂಬಕ್ಕ ಕೆಲವು ದಿನ ಅದನ್ನು ನೋಡುತ್ತ ಕೂತಿದ್ದು, ಒಂದು ಬೆಳಿಗ್ಗೆ ನನ್ನನ್ನು ಕರೆದುಕೊಂಡು ಮತ್ತೆ ಅಕ್ಕಲಕೋಟೆಯ ಬಸ್ಸು ಹತ್ತಿದರು. ಮಾಮಲೇದಾರರು ಇನ್ನೊಮ್ಮೆ ತಳ್ಳಿ ನೋಡಿ ಎಂದು ಹಿಡಿಕೆಯನ್ನು ಅವರ ಕಡೆ ಚಾಚಿದರು. ಅಂಬಕ್ಕ ಅದನ್ನು ಮುಟ್ಟಲಿಲ್ಲ. ಹಗ್ಗ ಕಟ್ಟಿ ಬಸ್ಸಿನ ಮೇಲೆ ಹಾಕಿಸಿ ಎಂದರು. ಗಂಡನ ನಂತರ, ಪಸಂತ ಅನ್ನದೆ ಅವರು ತಂದುಕೊಂಡ ಎರಡನೆಯದು ಅದು.

ಬಾಬುಲಾಲನೇ ಬಂದು ತುಕ್ಕು ತೆಗೆದು, ಅಲಗು ಮಸೆದು, ಎಣ್ಣೆ ಬಿಟ್ಟ. ಬೆರಳಿನಿಂದ ದೂಡಿದರೂ ಗಾಲಿ ತಿರುಗುವಂತಾಯಿತು. ಅಂಬಕ್ಕ ಪೇಟೆಯಿಂದ ಒಂದು ಜೊತೆ ದಪ್ಪ ಕ್ಯಾನ್ವಾಸ್ ಬೂಟು ತಂದು, ಗರಿಕೆಯ ನಡುವೆ ಕುರ್ಚಿ ಹಾಕಿ ಗಂಡನನ್ನು ಕೂರಿಸಿ, ತಾವೇ ಕೆಳಗೆ ಕೂತು ಲಾಡಿ ಕಟ್ಟಿದರು. ಗಣಪತಿಯ ಹುಲ್ಲಿನ ಮೇಲೆ ಬೂಟೇನು ಎಂದು ಗೋಡೆಯಾಚೆ ಯಾರೋ ಮಾತು ತೆಗೆದರು. "ಗಣಪತಿಗೆ ಆ ಮೂಲಿ ಬಿಟ್ಟೀನಿ. ಅಲ್ಲಿ ನೀವು ಬರಿಗಾಲಾಗ ಹೋಗ್ರಿ" ಎಂದು ಅಂಬಕ್ಕ ತೋರಿಸಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ನೀವು ನಿಂತರ ಇದೂ ನಿಂದರತೈತಿ. ನನಗಿಂತ ಛಲೋ ನಿಮ್ಮ ಮಾತ ಕೇಳತೈತಿ. ಏಳ್ರಿ."

ಶಾಂತಪ್ಪನವರು ಬಹಳ ಹೊತ್ತು ಆ ಹಿಡಿಕೆಯನ್ನು ನೋಡಿದರು. ಕೊನೆಗೆ ಎದ್ದರು. ಒಂದು ಹೆಜ್ಜೆ ತಳ್ಳಿ ನಿಂತರು, ಮಶೀನೂ ನಿಂತಿತು. ಇನ್ನೊಂದು ಹೆಜ್ಜೆ. ಮುಂದೆ ವರ್ಷಗಟ್ಟಲೆ ನಮ್ಮ ಮನೆಯವರು ಎಚ್ಚರಾಗುತ್ತಿದ್ದುದು ಆ ಅಲಗುಗಳ ಕರಕರ ಸದ್ದಿಗೆ. ಕತ್ತರಿಸಲು ಹುಲ್ಲೇ ಇಲ್ಲದ ಬೇಸಿಗೆಯಲ್ಲೂ ಅವರು ತಳ್ಳುತ್ತಿದ್ದರು. ಸಾವಕಾರರು ಹುಲ್ಲು ಕತ್ತರಿಸುತ್ತಿದ್ದಾರೆ ಎಂದೇ ಓಣಿಯವರು ಹೇಳುತ್ತಿದ್ದರು, ವಕೀಲರೂ ಕೂಡ. ಆ ರವಿವಾರದ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ನನಗೆ ಮಾತ್ರ ಹಿಟ್ಟಿನ ಗಿರಣಿಯ ಪಟ್ಟಿ ತಿರುಗತೊಡಗಿದರೆ ಹಿಮ್ಮಡಿ ಜುಮ್ಮೆನ್ನುತ್ತಿತ್ತು. ಸರದಿಯಲ್ಲಿ ಕೂತವಳು ಕಾಲು ಒಳಗೆಳೆದುಕೊಳ್ಳುತ್ತಿದ್ದೆ.

ನಾನು ಮದುವೆಯಾಗಿ ವಿಜಾಪುರಕ್ಕೆ ಬಂದೆ. ದಶಕದ ಕೊನೆಯಲ್ಲಿ ಶಾಂತಪ್ಪನವರು ನಿದ್ದೆಯಲ್ಲೇ ತೀರಿಕೊಂಡ ಸುದ್ದಿ ಬಂತು. ಮಾತಾಡಿಸಲು ಹೋದೆ. ಮನೆ ತುಂಬ ನೆಂಟರು. ಅಂಬಕ್ಕ ನನ್ನನ್ನು ಕರೆದುಕೊಂಡು ಜಗುಲಿಗೆ ಬಂದು, ಪಕ್ಕದಲ್ಲಿ ಕೂರಿಸಿಕೊಂಡು, ಮಗುವಿನ ವಿಚಾರ, ಗಂಡನ ನೌಕರಿಯ ವಿಚಾರ ಎಲ್ಲ ಕೇಳಿದರು. ಆಮೇಲೆ ಅಂಗಳದ ಕಡೆ ತಿರುಗಿದರು.

"ಅವತ್ತ ನಾ ಕಣ್ಣ ಮುಚ್ಚಿದ್ದೆ. ನೀ ನೋಡಿದಿ. ಕಾಲಿಗೆ ಅದು ಎಷ್ಟ ದೂರ ಇತ್ತು?"

ಇಷ್ಟು ವರ್ಷ ಅವರು ಇದನ್ನು ಕೇಳಿರಲಿಲ್ಲ. ಎರಡು ಅಂಗೈ ಎದುರುಬದುರು ಹಿಡಿದು ತೋರಿಸಿದೆ. ನಡುವೆ ಒಂದು ಲಿಂಬೆಹಣ್ಣು ಹಿಡಿಯುವಷ್ಟು ಜಾಗ.

ಅವರು ಅದನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಎರಡೂ ಮಣಿಕಟ್ಟು ಹಿಡಿದು, ಕೈಗಳನ್ನು ಒಂದರಿಂದೊಂದು ದೂರ ಎಳೆದರು. ಇನ್ನೂ ದೂರ, ನನ್ನ ತೋಳು ಪೂರ್ತಿ ಚಾಚುವ ತನಕ.

"ಇಷ್ಟ ಇತ್ತಂತ ತಿಳಕೋ. ನಾ ಹಂಗ ತಿಳಕೊಂಡ ಅವರ ಸಂಗಾಟ ನಕ್ಕೊಂತ ಇದ್ದೆ. ನೀ ಖರೇ ಹೇಳಿಬಿಡತಿ ಅಂತನ ಅವರು ಇರೂತನ ನಿನ್ನ ಕೇಳಲಿಲ್ಲ."

ಅದೇ ಕಡೆಯ ಭೇಟಿ. ಮುಂದಿನ ವರ್ಷ ಅಂಬಕ್ಕನೂ ಹೋದರು. ಆ ಬೆಳಗು ಕಣ್ಣ ಮುಂದೆ ಬಂದಾಗ ನಾನು ಮಾಡುತ್ತಿರುವ ಕೆಲಸ ಬಿಟ್ಟು ಕೈ ಚಾಚಿ ನೋಡುತ್ತೇನೆ. ಅವರು ಎಳೆದಷ್ಟು ದೂರ ಅಂಗೈಗಳು ಇನ್ನೂ ಹೋಗುತ್ತಿಲ್ಲ.